ಇಲ್ಲಣ ಬೇರೆ, ಹೊಲಿಗೆ ದಾರ ಬೇರೆ

ಬೆಳಿಗ್ಗೆ 7:40

ಸಾಗರ ದೊಡ್ಡಪ್ಪ: ಈ ವಿಡಿಯೋ ಎಲ್ಲರೂ ನೋಡಿ. ಜೇಡದ ದಾರದಲ್ಲಿ ಆಪರೇಷನ್ ಹೊಲಿಗೆ! ಉಕ್ಕಿಗಿಂತ ಗಟ್ಟಿಯಂತೆ. ನಮ್ಮಜ್ಜಿ ಗಾಯಕ್ಕೆ ಇಲ್ಲಣ (ಮಸಿ ಹಿಡಿದ ಅಟ್ಟದ ಜೇಡರ ಬಲೆ) ಮೆತ್ತಿ ಕಟ್ಟುತ್ತಿದ್ದರು. ಈಗ ವಿಜ್ಞಾನವೂ ಒಪ್ಪಿದೆ.

ಸಂಜೆ 6:15

ನಾನು: ಡ್ಯೂಟಿ ಮುಗಿಸಿ ಈಗ ನೋಡಿದೆ ದೊಡ್ಡಪ್ಪ. ದಾರದ ಮಾತು ನಿಜ. ಅಷ್ಟೇ ತೂಕದ ಉಕ್ಕಿಗಿಂತ ಜೇಡದ ಎಳೆ ಜಾಸ್ತಿ ಭಾರ ತಡೆಯುತ್ತದೆ. ಆದರೆ ಇಲ್ಲಣದ ಮಾತನ್ನು ದಯವಿಟ್ಟು ಯಾರೂ ಮುಂದಕ್ಕೆ ಕಳಿಸಬೇಡಿ.

ಸಾಗರ ದೊಡ್ಡಪ್ಪ: ಯಾಕಮ್ಮ? ರಕ್ತ ನಿಲ್ಲುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ.

ನಾನು: ಶುದ್ಧ ಬಟ್ಟೆ ಒತ್ತಿ ಹಿಡಿದರೂ ನಿಲ್ಲುತ್ತದೆ. ಇಲ್ಲಣದಲ್ಲಿ ಒಲೆ ಮಸಿ, ಧೂಳು, ಹಲ್ಲಿ ಹಿಕ್ಕೆ, ಸತ್ತ ನೊಣ ಎಲ್ಲಾ ಇರುತ್ತೆ. ಧನುರ್ವಾಯು ತರುವ ಬ್ಯಾಕ್ಟೀರಿಯಾ ಮಣ್ಣು, ಧೂಳಿನಲ್ಲೇ ಇರೋದು. ಅದನ್ನು ನಾವೇ ಗಾಯದೊಳಗೆ ಇಟ್ಟು ಕಟ್ಟಿದ ಹಾಗೆ.

ಶಿವಮೊಗ್ಗ ಭಾವ: ಅದಿರಲಿ. ಮಳೆ ಮುಗಿಯೋ ಹೊತ್ತಿಗೆ ತೋಟದಲ್ಲಿ ಮರದಿಂದ ಮರಕ್ಕೆ ಹಳದಿ ಹೊಳಪಿನ ಬಲೆ ಕಟ್ಟುವ ದೊಡ್ಡ ಜೇಡ ಇದೆಯಲ್ಲ? ಮುಖಕ್ಕೆ ಸಿಕ್ಕರೆ ಎಳೆದುಕೊಂಡು ಬಂದು ಆಮೇಲೆ ಚಟ್ ಅಂತ ಹರಿಯುತ್ತೆ. ಅದನ್ನೇ ಸಾಕಿದರೆ? ರಾಮನಗರದಲ್ಲಿ ರೇಷ್ಮೆ ಗೂಡು ಮಾರಲ್ವಾ, ಹಾಗೆ?

ಪುಟ್ಟಿ: ಅದು ನೆಫಿಲಾ, ಭಾವ. ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿಂದುಬಿಡುತ್ತವೆ, ಹುಳ ಸಾಕಿದ ಹಾಗೆ ಸಾಕೋಕೆ ಆಗಲ್ಲ. ಮಡಗಾಸ್ಕರ್‌ನಲ್ಲಿ ಅದರ ಹತ್ತಿರದ ಜಾತಿಯ ಜೇಡಗಳನ್ನು ಕಾಡಿನಿಂದ ಹಿಡಿದು, ದಾರ ಎಳೆದು ಒಂದೇ ಒಂದು ಬಟ್ಟೆ ನೇಯ್ದರು. ಅದಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜೇಡ ಬೇಕಾಯ್ತು. 2009ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಮ್ಮಿನಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಿದ್ದರು.

ಶಿವಮೊಗ್ಗ ಭಾವ: ಹಾಗಾದ್ರೆ ವಿಡಿಯೋ ಸುಮ್ನೆ.

ನಾನು: ಸುಮ್ನೆ ಅಲ್ಲ ಭಾವ. ಜರ್ಮನಿಯ ಹ್ಯಾನೋವರ್ ವೈದ್ಯಕೀಯ ಕಾಲೇಜಿನವರು ಕುರಿಯ ಕಾಲಿನಲ್ಲಿ 6 ಸೆಂಟಿಮೀಟರ್ ನರ ತೆಗೆದು, ಆ ಜಾಗಕ್ಕೆ ಜೇಡದ ಎಳೆ ತುಂಬಿದ ರಕ್ತನಾಳ ಜೋಡಿಸಿದರು. ಎಳೆ ಹಿಡಿದುಕೊಂಡು ನರ ಮತ್ತೆ ಬೆಳೆಯಿತು. 2011ರಲ್ಲಿ ಅದನ್ನು ಪ್ರಕಟಿಸಿದರು. ಎಳೆ ಹೆಣೆದು ಹೊಲಿಗೆ ದಾರವನ್ನೂ ಮಾಡಿದ್ದಾರೆ. ಬೆರಳು ಮಡಚುವ ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ಹೊಲಿಯಲು ಅದು ತಾಳುತ್ತಾ ಅಂತ ಎಳೆದು ಬಿಟ್ಟು, ಎಳೆದು ಬಿಟ್ಟು ನೋಡಿದ್ದಾರೆ.

ನಾನು: ಆಪರೇಷನ್ ಥಿಯೇಟರಿನಲ್ಲಿ ಕಪ್ಪು ರೇಷ್ಮೆ ದಾರದ ಪ್ಯಾಕೆಟ್ ಬಿಚ್ಚಿ ಕೊಡೋಳು ನಾನು. ಅದರ ಗಂಟು ಜಾರದೆ ಕೂರುತ್ತದೆ. ಆದರೆ ಒಳಗೇ ಬಿಟ್ಟರೆ ಮೈ ಅದನ್ನು ಸುಲಭಕ್ಕೆ ಒಪ್ಪಲ್ಲ, ಸುತ್ತ ಊತ ಬರಬಹುದು. ಅದಕ್ಕೇ ಸಣ್ಣ, ಗಟ್ಟಿ, ಮೈಗೆ ಒಗ್ಗುವ ದಾರ ಹುಡುಕ್ತಾ ಇದ್ದಾರೆ. ಜೇಡದ ದಾರಕ್ಕೂ ಒಂದು ತೊಡಕಿದೆ. ಬಿಗಿದು ಕಟ್ಟದ ಜೇಡದ ಎಳೆ ಒದ್ದೆಯಾದರೆ ಕುಗ್ಗುತ್ತದೆ, ಕೆಲವು ಸಲ ಅರ್ಧದಷ್ಟಾಗುತ್ತದೆ. ಗಾಯ ಒದ್ದೆ ಇರೋದೇ ಅಲ್ವಾ? ಹೊಲಿಗೆ ಜಾಸ್ತಿ ಬಿಗಿದರೆ ಅಂಚಿನ ಚರ್ಮಕ್ಕೆ ರಕ್ತ ಓಡಲ್ಲ. ಇಷ್ಟೆಲ್ಲಾ ಪರೀಕ್ಷೆ ಆಗಬೇಕಾದ ದಾರಕ್ಕೂ ಅಟ್ಟದ ಬಲೆಗೂ ಏನು ಸಂಬಂಧ ಹೇಳಿ?

ಪುಟ್ಟಿ: 2023ರಲ್ಲಿ ಚೀನಾದವರು ಜೇಡದ ಜೀನ್ ಹಾಕಿದ ರೇಷ್ಮೆ ಹುಳದಿಂದಲೇ ದಾರ ತೆಗೆದಿದ್ದಾರೆ. ಭಾವನ ಯೋಚನೆಗೆ ಅದೇ ಹತ್ತಿರ.

ತೀರ್ಥಹಳ್ಳಿ ಅತ್ತೆ: ಇದನ್ನೆಲ್ಲಾ ಓದಿ ಗಾಬರಿ ಆಯ್ತು ಕಣೆ. ಬೆಳಿಗ್ಗೆ ಅಡಿಕೆ ಸುಲಿಯೋಕೆ ಬಂದವಳ ಬೆರಳಿಗೆ ಮೆಟ್ಟುಗತ್ತಿ ತಾಗಿತು. ಅಣ್ಣ ಕಳಿಸಿದ್ದು ನೋಡಿ ಬಚ್ಚಲಿನ ಬಲೆ ಇಟ್ಟು ಕಟ್ಟಿದ್ದೇನೆ.

ನಾನು: ಅತ್ತೆ, ಈಗಲೇ ಬಿಚ್ಚಿ. ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆಸಿ. ಬೆರಳು ಮಡಚ್ತಾಳಾ? ತುದಿ ಮುಟ್ಟಿದರೆ ಗೊತ್ತಾಗುತ್ತಾ?

ತೀರ್ಥಹಳ್ಳಿ ಅತ್ತೆ: ಮಡಚ್ತಾಳೆ. ತುದಿ ಜೋಮು ಹಿಡಿದಿದೆ ಅಂತಾಳೆ.

ನಾನು: ನರಕ್ಕೆ ತಾಗಿರಬಹುದು. ಶುದ್ಧ ಬಟ್ಟೆ ಸುತ್ತಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಬಲೆ ಇಟ್ಟಿದ್ದನ್ನೂ, ಜೋಮಿನ ವಿಷಯವನ್ನೂ ಮುಚ್ಚಿಡದೆ ಹೇಳಿ. ಧನುರ್ವಾಯು ಇಂಜೆಕ್ಷನ್ ಕೇಳೋದು ಮರೀಬೇಡಿ.

ಸಾಗರ ದೊಡ್ಡಪ್ಪ: ಇಲ್ಲಿ ಡಿಲೀಟ್ ಮಾಡಿದೆ. ಅಡಿಕೆ ಬೆಳೆಗಾರರ ಗುಂಪಿಗೂ ಹಾಕಿದ್ದೆ. ಅಲ್ಲಿಗೆ ಏನು ಬರೀಬೇಕು, ನೀನೇ ಬರೆದು ಕೊಡು.

ನಾನು: ಬರೆದು ಕಳಿಸ್ತೀನಿ ದೊಡ್ಡಪ್ಪ. ಅತ್ತೆ, ಹೊರಟ್ರಾ?