ಅಕ್ಕನ ಆರತಕ್ಷತೆಗೆ ಕುಡಿಯೋಕೆ ಏನು ಕೊಡೋಣ? 600 ಜನ, ಮೇ ತಿಂಗಳು, ಶಿವಮೊಗ್ಗ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮೇ ಎರಡನೇ ವಾರ ಶಿವಮೊಗ್ಗದಲ್ಲಿ ಅಕ್ಕನ ಆರತಕ್ಷತೆ ಇದೆ. ಸಂಜೆ ಆರೂವರೆಗೆ ಶುರು, ಹೆಚ್ಚು ಕಡಿಮೆ 600 ಜನ. ಊಟದ ಮೆನು ಮುಗಿದಿದೆ, ಜಗಳ ಎಲ್ಲ ಕುಡಿಯೋದರ ಮೇಲೆ ಬಂದು ನಿಂತಿದೆ. ಕೇಟರಿಂಗ್‌ನವರು ಐದು ಬಗೆಯ ಮಾಕ್‌ಟೇಲ್ ಕೌಂಟರ್ ಹಾಕುತ್ತೇವೆ, ತಲೆಗೆ 70 ರೂಪಾಯಿ ಜಾಸ್ತಿ ಆಗುತ್ತದೆ ಅನ್ನುತ್ತಿದ್ದಾರೆ. ನೀಲಿ, ಹಸಿರು, ಕೆಂಪು ಲೋಟಗಳ ಫೋಟೊ ಕಳಿಸಿದ್ದಾರೆ, ಅಕ್ಕನಿಗೆ ಅದು ಹಿಡಿಸಿಬಿಟ್ಟಿದೆ. ಅಪ್ಪ ಮಾತ್ರ "ಪಾನಕ, ಮಜ್ಜಿಗೆ ಸಾಕು, ಉಳಿದಿದ್ದೆಲ್ಲ ಶೋಕಿ" ಅಂತ ಪಟ್ಟು ಹಿಡಿದು ಕೂತಿದ್ದಾರೆ. ನಾನು ಇಬ್ಬರ ಮಧ್ಯೆ.

ಇನ್ನೊಂದು ತಲೆನೋವು ಇದೆ. ಭಾವ ಆಗೋರು ಕೊಡವರು. ಮದುವೆ ವಿರಾಜಪೇಟೆಯಲ್ಲಿ ಅವರ ಪದ್ಧತಿಯಂತೆ ಮೊದಲೇ ಆಗುತ್ತದೆ, ಆರತಕ್ಷತೆಗೆ ಅವರ ಕಡೆಯಿಂದ 80 ಜನ ಬಸ್ಸಿನಲ್ಲಿ ಬರುತ್ತಾರೆ. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಒಳಗೆ ಬರೋದಿಲ್ಲ. ಆದರೆ ನಮ್ಮ ಸೋದರಮಾವ "ಅವರಿಗೆ ಡ್ರಿಂಕ್ಸ್ ಇಲ್ಲದಿದ್ದರೆ ಮುಖ ಸಣ್ಣದಾಗುತ್ತದೆ, ಛತ್ರದ ಮೇಲಿನ ಒಂದು ರೂಮಿನಲ್ಲಿ ಗುಟ್ಟಾಗಿ ಇಡೋಣ" ಅನ್ನುತ್ತಿದ್ದಾರೆ. ಛತ್ರ ಒಂದು ಟ್ರಸ್ಟಿಗೆ ಸೇರಿದ್ದು. ಇದು ಸರೀನಾ? ಏನು ಮಾಡಲಿ ಹೇಳಿ.

ಅಡಿಗೆಮನೆ ಸಾಗರ

ತಮ್ಮಾ, ಮದುವೆ ಅಡಿಗೆ ನಮ್ಮ ಕಸುಬು, ಅದಕ್ಕೇ ಬರೆಯುತ್ತಿದ್ದೇನೆ. ಐದು ಬಗೆ ಬೇಡ. ಐದು ಇಟ್ಟರೆ ಬಂದವರು ಕೌಂಟರ್ ಮುಂದೆ ನಿಂತು ಯಾವುದು ಅಂತ ಯೋಚಿಸುತ್ತಾರೆ, ಹಿಂದಿನವರು ಬಾಗಿಲಲ್ಲೇ ನಿಲ್ಲುತ್ತಾರೆ. ಎರಡು ತಣ್ಣನೆಯದು, ಒಂದು ಬಿಸಿಯದು, ಇಷ್ಟು ಮಾಡಿ, ಆದರೆ ಆ ಮೂರನ್ನೂ ಚೆನ್ನಾಗಿ ಮಾಡಿಸಿ.

ತಣ್ಣಗಿರೋದಕ್ಕೆ ಪಾನಕ, ಮಜ್ಜಿಗೆ. ನಿಮ್ಮ ಅಪ್ಪ ಹೇಳಿದ್ದು ಅಂತಲ್ಲ, ಕೆಲಸಕ್ಕೆ ಇವೆರಡೇ ಸುಲಭ. 150 ಎಂಎಲ್ ಲೋಟ, ತಲೆಗೆ ಒಂದೂವರೆ ಲೋಟದಂತೆ ಲೆಕ್ಕ ಹಿಡಿದರೆ 135 ಲೀಟರ್. ಪಾನಕ 70, ಮಜ್ಜಿಗೆ 70 ಅಂದುಕೊಳ್ಳಿ. 70 ಲೀಟರ್ ಪಾನಕಕ್ಕೆ ಎಂಟೊಂಬತ್ತು ಕೇಜಿ ಬೆಲ್ಲ, ನೂರು ನೂರಹತ್ತು ನಿಂಬೆಹಣ್ಣು, ಏಲಕ್ಕಿ, ಶುಂಠಿ, ಕಾಳುಮೆಣಸಿನ ಪುಡಿ, ಒಂದಿಷ್ಟು ಉಪ್ಪು. ಬೆಲ್ಲವನ್ನು ಬಿಸಿನೀರಲ್ಲಿ ಕರಗಿಸಿ ತೆಳು ಬಟ್ಟೆಯಲ್ಲಿ ಸೋಸಲೇಬೇಕು, ಎಷ್ಟೇ ಒಳ್ಳೆ ಬೆಲ್ಲ ಇದ್ದರೂ ತಳದಲ್ಲಿ ಮರಳು, ಕಬ್ಬಿನ ಸಿಪ್ಪೆ ಇದ್ದೇ ಇರುತ್ತದೆ. ನಿಂಬೆರಸ ಮಾತ್ರ ಮಧ್ಯಾಹ್ನವೇ ಹಿಂಡಿ ಇಡಬೇಡಿ. ಬೀಜ ಸೇರಿ ಕೂತರೆ ಕಹಿಯಾಗುತ್ತದೆ. ಬೆಲ್ಲದ ನೀರು ಮೊದಲೇ ಆಗಲಿ, ಹುಳಿ ಬೀಳೋದು ಜನ ಬರೋಕೆ ಅರ್ಧ ಗಂಟೆ ಮುಂಚೆ. ಪಾತ್ರೆ ಸ್ಟೀಲ್ ಇರಲಿ. ಅಲ್ಯೂಮಿನಿಯಂ, ತಾಮ್ರದಲ್ಲಿ ಹುಳಿ ಪದಾರ್ಥ ಇಡಬಾರದು.

ಮಜ್ಜಿಗೆಗೆ 20 ಲೀಟರ್ ಮೊಸರು, 50 ಲೀಟರ್ ನೀರು. ಹಸಿಮೆಣಸು, ಶುಂಠಿ, ಕರಿಬೇವು, ಕೊತ್ತಂಬರಿ ರುಬ್ಬಿ ಸೋಸಿ ಹಾಕಿಸಿ. ಸೋಸದೆ ಹಾಕಿದರೆ ಮೆಣಸಿನ ಚೂರು ತಳಕ್ಕೆ ಹೋಗುತ್ತದೆ, ಕೊನೆಗೆ ಬಂದವರ ಲೋಟಕ್ಕೆ ಅದೇ ಬೀಳುತ್ತದೆ, ಅದೂ ಯಾವುದಾದರೂ ಮಗುವಿನ ಬಾಯಿಗೆ. ಮೊಸರು ಮೇ ಸೆಖೆಗೆ ಬೇಗ ಹುಳಿಯಾಗುತ್ತದೆ, ಸಂಜೆವರೆಗೆ ತಣ್ಣಗಿಟ್ಟು ಕಡೆಯಲ್ಲಿ ಕಡೆಯಿರಿ.

ಇನ್ನು ಬಿಸಿಯದು ಯಾಕೆ ಅಂದರೆ, ಮೇ ತಿಂಗಳಲ್ಲಿ ನಮ್ಮ ಕಡೆ ಸಂಜೆ ಗುಡುಗು ಮಳೆ ಬಂದರೆ ಎಲ್ಲ ಲೆಕ್ಕ ತಲೆಕೆಳಗಾಗುತ್ತದೆ. ಹತ್ತು ನಿಮಿಷದ ಮಳೆಗೆ ಜನ ತಣ್ಣನೆ ಪಾನಕ ಬಿಟ್ಟು ಬಿಸಿ ಏನಿದೆ ಅಂತ ಕೇಳುತ್ತಾರೆ. ಕೊತ್ತಂಬರಿ ಜೀರಿಗೆ ಕಷಾಯಕ್ಕೆ ಹಾಲು, ಬೆಲ್ಲ ಹಾಕಿ ಒಂದು ಮೂಲೆಯಲ್ಲಿ ಇಡಿಸಿ. ಬೆಂಗಳೂರಿನಿಂದ ಬಂದವರು ಫೋಟೊ ತೆಗೆಯೋದು ಅದರದ್ದೇ, ಬೇಕಾದರೆ ನೋಡಿ.

ಕೌಂಟರ್ ಬಾಗಿಲಲ್ಲಿ ಬೇಡ, ಒಳಗೆ ಗೋಡೆ ಪಕ್ಕ ಇರಲಿ. ಅದಕ್ಕಿಂತ ಮುಖ್ಯ, ನಾಲ್ಕು ಹುಡುಗರು ಟ್ರೇ ಹಿಡಿದು ಕುರ್ಚಿಗಳ ಮಧ್ಯೆ ಓಡಾಡಬೇಕು. ವೇದಿಕೆಯ ಸಾಲಿನಲ್ಲಿ ನಿಂತವರಿಗೆ ಕೊಡೋಕೆ ಹೋಗಬೇಡಿ. ಒಂದು ಕೈಯಲ್ಲಿ ಮುಯ್ಯಿ ಕವರ್, ಇನ್ನೊಂದರಲ್ಲಿ ಮಗು, ಲೋಟ ಎಲ್ಲಿ ಹಿಡಿಯುತ್ತಾರೆ? ಸಾಲಿಗೆ ಹೋಗೋ ಮುಂಚೆ ಕೂತಿರುತ್ತಾರಲ್ಲ, ಆಗ ಕೊಡಿ.

ಶಿವು ಬೆಂಗ್ಳೂರು

ಸಾಗರದ ಅಣ್ಣ ಹೇಳಿದ್ದು ಸರಿ, ಆದರೆ ಮದುವೆ ಅಕ್ಕನದ್ದು, ಅಪ್ಪನದ್ದಲ್ಲ ಅಲ್ವಾ? ಅವರಿಗೆ ಬಣ್ಣದ್ದು ಇಷ್ಟ ಇದ್ದರೆ ಒಂದು ಇಡಲಿ. ಕಾಲೇಜು ಹುಡುಗರು ಮಜ್ಜಿಗೆ ಕೌಂಟರ್ ಕಡೆ ತಿರುಗಿಯೂ ನೋಡೋದಿಲ್ಲ. ಮಾಕ್‌ಟೇಲ್ ಅಂದರೆ ಕೊನೆಗೆ ಏನು, ಸಿರಪ್ ಪ್ಲಸ್ ಸೋಡಾ ಪ್ಲಸ್ ಐಸ್. ಅದಕ್ಕೆ ತಲೆಗೆ 70 ಕೊಡೋದು ದಂಡ. ಬದಲಿಗೆ ಕೋಕಂ ಮಾಡಿಸಿ. ಉತ್ತರ ಕನ್ನಡದಲ್ಲಿ ಮುರುಗಲು ಅನ್ನುತ್ತಾರೆ, ಮಂಗಳೂರಿನವರು ಪುನರ್ಪುಳಿ ಅನ್ನುತ್ತಾರೆ, ಸಿಪ್ಪೆ ನೆನೆಸಿ ಸಕ್ಕರೆ, ಚೂರು ಜೀರಿಗೆ ಹಾಕಿ ಸೋಸಿದರೆ ಎಂಥಾ ಕೆಂಪು ಬರುತ್ತದೆ ಗೊತ್ತಾ! ಕುಡಿಯೋ ಹೊತ್ತಿಗೆ ಅರ್ಧ ಲೋಟಕ್ಕೆ ಸೋಡಾ ಸುರಿದು ಒಂದು ಪುದೀನ ಎಲೆ ಇಟ್ಟರೆ ಅಕ್ಕನಿಗೂ ಫೋಟೊ ಸಿಗುತ್ತದೆ, ಅಪ್ಪನಿಗೂ ಸಮಾಧಾನ.

ನೀಲಿದು ಮಾತ್ರ ಬೇಡ. ಮಕ್ಕಳ ನಾಲಿಗೆ ನೀಲಿ, ಆಮೇಲೆ ಯಾರದೋ ರೇಷ್ಮೆ ಸೀರೆ ನೀಲಿ.

ಲ್ಯಾಬ್ ಅಕ್ಕ

ಯಾರೂ ಐಸ್ ಮತ್ತು ನೀರಿನ ಮಾತು ಎತ್ತಿಲ್ಲ, ನನಗೆ ಅದೇ ದೊಡ್ಡದು. ಆಸ್ಪತ್ರೆ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬೇಸಿಗೆ ಮದುವೆ ಸೀಸನ್ ಮುಗಿಯುತ್ತಿದ್ದಂತೆ ಕಾಮಾಲೆ ಅಂತ ರಕ್ತ ಕೊಡೋಕೆ ಬರೋರು ಕಾಣಿಸಿಕೊಳ್ಳುತ್ತಾರೆ. ಹೆಪಟೈಟಿಸ್ ಎ ಗಲೀಜು ನೀರಿನಿಂದ, ಅದರಲ್ಲಿ ಮಾಡಿದ ಐಸಿನಿಂದ ಹರಡುತ್ತದೆ. ಲಕ್ಷಣ ಕಾಣಿಸೋಕೆ ಎರಡರಿಂದ ಏಳು ವಾರ ಬೇಕು. ಅಷ್ಟು ಹೊತ್ತಿಗೆ ಯಾವ ಮದುವೆಯಲ್ಲಿ ಏನು ಕುಡಿದೆ ಅಂತ ಯಾರಿಗೆ ನೆನಪಿರುತ್ತದೆ? ಹಾಗಾಗಿ ಕೇಟರಿಂಗ್‌ನವರ ಹೆಸರೂ ಕೆಡೋದಿಲ್ಲ, ಅವರು ಬದಲಾಗೋದೂ ಇಲ್ಲ.

ದೊಡ್ಡ ದಿಮ್ಮಿ ಐಸ್ ಬರುತ್ತದಲ್ಲ, ಗೋಣಿಚೀಲ, ಮರದ ಹೊಟ್ಟು ಸುತ್ತಿ ಆಟೋದಲ್ಲಿ ತಂದು ನೆಲದ ಮೇಲೆ ಇಟ್ಟು ಸುತ್ತಿಗೆಯಲ್ಲಿ ಒಡೆಯುತ್ತಾರಲ್ಲ, ಅದು ಮೀನು ಕೆಡದಂತೆ ಇಡೋಕೆ ಮಾಡುವ ಐಸ್. ಅದನ್ನು ಪಾನಕದ ಒಳಗೆ ಹಾಕಲು ಬಿಡಬೇಡಿ. ಹಂಡೆಯಲ್ಲಿ ಆ ಐಸ್ ತುಂಬಿ, ಅದರ ನಡುವೆ ಪಾನಕದ ಮುಚ್ಚಿದ ಸ್ಟೀಲ್ ಡ್ರಮ್ ಇಳಿಸಿದರೆ ಹೊರಗಿನಿಂದಲೇ ತಣ್ಣಗಾಗುತ್ತದೆ. ಲೋಟಕ್ಕೆ ಐಸ್ ಬೇಕೇ ಬೇಕು ಅಂದರೆ ಪ್ಯಾಕೆಟ್‌ನಲ್ಲಿ ಬರುವ ಕ್ಯೂಬ್ ತರಿಸಿ. ಪಾನಕ, ಮಜ್ಜಿಗೆಗೆ ಬೋರ್‌ವೆಲ್ ನೀರು ಬೇಡ, ಕಾಯಿಸಿ ಆರಿಸಿದ್ದು ಅಥವಾ ಸೀಲ್ ಇರುವ ಕ್ಯಾನ್ ನೀರು. ಸೀಲ್ ಒಡೆಯೋದನ್ನು ನಿಮ್ಮ ಮನೆಯವರು ಒಬ್ಬರು ನಿಂತು ನೋಡಲಿ. ಕಲ್ಲಂಗಡಿ ಜ್ಯೂಸ್ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ, ಕತ್ತರಿಸಿ ಎರಡು ಮೂರು ಗಂಟೆ ಹೊರಗಿಟ್ಟ ಹಣ್ಣು ನನಗೆ ನಂಬಿಕೆ ಇಲ್ಲ.

ಇನ್ನೊಂದು, ಪ್ಲಾಸ್ಟಿಕ್ ಲೋಟ, ಸ್ಟ್ರಾ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ. ನಮ್ಮ ರಾಜ್ಯದಲ್ಲಂತೂ 2016ರಲ್ಲೇ ಆಗಿದೆ. ಪಾತ್ರೆ ಬಾಡಿಗೆಯವರ ಹತ್ತಿರ ಸ್ಟೀಲ್ ಲೋಟ ತಗೊಳ್ಳಿ. ತೊಳೆಯೋಕೆ ಜನ ಇಡಬೇಕು, ಅಷ್ಟೇ.

ಕಾಫಿತೋಟ ವಿರಾಜಪೇಟೆ

ನಾನು ಕೊಡವ, ಹಾಗಾಗಿ ಎರಡನೇ ಪ್ರಶ್ನೆಗೆ ನಾನೇ ಉತ್ತರ ಕೊಡುತ್ತೇನೆ. ನಮ್ಮ ಮದುವೆಯಲ್ಲಿ ಮದ್ಯ ಇರುತ್ತದೆ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಹಿರಿಯರನ್ನು ನೆನೆಯುವಾಗ ಅವರ ಮುಂದೆಯೂ ಇಡುತ್ತೇವೆ. ಎಲ್ಲರ ಎದುರು ನಡೆಯುವ ವಿಷಯ ಅದು. ಅದನ್ನೇ ನೀವು ಛತ್ರದ ಮೇಲಿನ ರೂಮಿನಲ್ಲಿ ಬಾಗಿಲು ಹಾಕಿ ಕೊಟ್ಟರೆ ನಮ್ಮ ಹಿರಿಯರಿಗೆ ಅವಮಾನ ಆಗುತ್ತದೆ. ಕದ್ದು ಕುಡಿಯೋಕೆ ನಾವೇನು ಹಾಸ್ಟೆಲ್ ಹುಡುಗರಾ? ವಿರಾಜಪೇಟೆಯಲ್ಲಿ ಮದುವೆ ನಮ್ಮ ಪದ್ಧತಿಯಂತೆ ಆಗಿರುತ್ತದೆ, ಶಿವಮೊಗ್ಗದಲ್ಲಿ ನಿಮ್ಮ ಪದ್ಧತಿ. ಇದು ಎಲ್ಲರಿಗೂ ಅರ್ಥವಾಗುತ್ತದೆ. ಭಾವನ ಹತ್ತಿರ ಒಂದು ಮಾತು ನೇರವಾಗಿ ಹೇಳಿಬಿಡಿ, ಅವರೇ ತಮ್ಮ ಕಡೆಯವರಿಗೆ ಹೇಳುತ್ತಾರೆ.

ಕಾನೂನಿನ ಕಡೆಯಿಂದಲೂ ಸೋದರಮಾವನ ಐಡಿಯಾ ಸರಿ ಇಲ್ಲ. ಛತ್ರದಂಥ ಜಾಗದಲ್ಲಿ ಪಾರ್ಟಿಗೆ ಮದ್ಯ ಕೊಡಬೇಕಾದರೆ ಅಬಕಾರಿ ಇಲಾಖೆಯಿಂದ ಸಿಎಲ್-5 ಲೈಸೆನ್ಸ್ ಬೇಕು, ಒಂದೊಂದು ಸಮಾರಂಭಕ್ಕೆ ಅಂತಲೇ ಇರೋದು. ಟ್ರಸ್ಟಿನ ಛತ್ರ ಅಂದಿರಲ್ಲ, ಅವರ ಕರಾರು ಪತ್ರ ಓದಿ ನೋಡಿ, ಮಾಂಸ ಮದ್ಯ ಎರಡೂ ಕೂಡದು ಅಂತ ಬರೆದಿರುತ್ತಾರೆ, ಡೆಪಾಸಿಟ್ ಹೋಗುತ್ತದೆ. ಚುನಾವಣೆ ಹತ್ತಿರ ಇದ್ದರೆ ಮತದಾನ ಮುಗಿಯುವ 48 ಗಂಟೆ ಮುಂಚಿನಿಂದ ಮಾರಾಟವೇ ಬಂದ್.

ನಿಜವಾಗಿ ಅವರಿಗೆ ಖುಷಿಯಾಗಬೇಕಾದರೆ ಕಾಫಿ ಚೆನ್ನಾಗಿರಲಿ. ಬೆಳಗ್ಗೆ ಬಸ್ ಹತ್ತಿ ಇಡೀ ಹಗಲು ಕೂತು ಬರುತ್ತಾರೆ. ಲಾಡ್ಜಿಗೆ ಇಳಿದ ಕೂಡಲೇ ಒಂದು ಲೋಟ ಬಿಸಿ ಫಿಲ್ಟರ್ ಕಾಫಿ ಸಿಕ್ಕರೆ ಅರ್ಧ ಆಯಾಸ ಹೋಗುತ್ತದೆ. ತೋಟದವರಿಗೆ ಕೆಟ್ಟ ಕಾಫಿ ಕೊಟ್ಟರೆ ಮಾತ್ರ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ, ಇದು ತಮಾಷೆಯಲ್ಲ. ಕೇಟರಿಂಗ್‌ನವರು ಮಧ್ಯಾಹ್ನವೇ ಡಿಕಾಕ್ಷನ್ ಇಳಿಸಿ ಹಾಲಿನ ಜೊತೆ ಸೇರಿಸಿ ಕುದಿಸುತ್ತಲೇ ಇರುತ್ತಾರೆ, ಅದು ಬೇಡ. ಹಾಲು ಬೇರೆ, ಡಿಕಾಕ್ಷನ್ ಬೇರೆ, ಸಕ್ಕರೆ ಬೇರೆ. ಕೊಡೋ ಹೊತ್ತಿಗೆ ಬೆರೆಸಲಿ. ಸಕ್ಕರೆ ಕಾಯಿಲೆಯವರಿಗೂ ಅನುಕೂಲ. 10 ಲೀಟರ್ ಹಾಲಿಗೆ ಎರಡು ಲೀಟರ್ ಗಟ್ಟಿ ಡಿಕಾಕ್ಷನ್ ಅಂದರೆ 100 ಎಂಎಲ್‌ನ 120 ಲೋಟ ಬರುತ್ತದೆ. ಚಿಕೋರಿ 20 ಪರ್ಸೆಂಟ್‌ಗಿಂತ ಜಾಸ್ತಿ ಬೇಡ ಅಂತ ಪುಡಿ ತರುವವರಿಗೆ ಹೇಳಿ. ಅಥವಾ ಸುಮ್ನೆ ಭಾವನ ಮನೆಯಿಂದಲೇ ಪುಡಿ ತರಿಸಿ, ಅವರಿಗೂ ಹೆಮ್ಮೆ.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾವನಿಗೆ ಫೋನ್ ಮಾಡಿದೆ. "ಇದನ್ನು ಕೇಳೋಕೆ ಇಷ್ಟು ಹಿಂಜರಿಕೆನಾ" ಅಂತ ನಕ್ಕರು, ಪುಡಿ ಅವರೇ ತರುತ್ತಾರಂತೆ. ಸೋದರಮಾವನಿಗೆ ಹೇಳುವ ಕೆಲಸ ಅಮ್ಮನಿಗೆ ಬಿಟ್ಟಿದ್ದೇನೆ. ಈಗ ಲೆಕ್ಕ ಹೀಗಿದೆ: ಪಾನಕ, ಕೋಕಂ ಸೋಡಾ, ಕಷಾಯ, ಊಟ ಆದ ಮೇಲೆ ಕಾಫಿ. ಮಜ್ಜಿಗೆಯನ್ನು ಊಟದ ಜೊತೆ ಮಾತ್ರ ಕೊಟ್ಟರೆ ಆಗುತ್ತದಾ? ಅಪ್ಪ ಅದಕ್ಕೆ ಒಪ್ಪುತ್ತಿಲ್ಲ. ಮತ್ತೆ ಸಾಗರದ ಅಣ್ಣ, 600 ಜನಕ್ಕೆ ಸ್ಟೀಲ್ ಲೋಟ ಎಷ್ಟು ತರಿಸಲಿ? ಕೇಟರಿಂಗ್‌ನವರು ಲೋಟ ತೊಳೆಯೋದು ನಮ್ಮ ಕೆಲಸ ಅಲ್ಲ ಅನ್ನುತ್ತಿದ್ದಾರೆ.

ಅಡಿಗೆಮನೆ ಸಾಗರ

400 ಸಾಕು, ಜನ ಒಂದೇ ಸಲಕ್ಕೆ ಬರೋದಿಲ್ಲ. ಏಳೂವರೆಯಿಂದ ಎಂಟೂವರೆ ನೂಕುನುಗ್ಗಲು, ಆ ಒಂದು ಗಂಟೆಗೆ ತೊಳೆಯೋಕೆ ಮೂರು ಜನ ಇರಲಿ, ಆಮೇಲೆ ಒಬ್ಬರು ಸಾಕು. ಪಾತ್ರೆ ಬಾಡಿಗೆಯವರನ್ನೇ ಕೇಳಿ, ತೊಳೆಯೋರನ್ನೂ ಅವರೇ ಕಳಿಸುತ್ತಾರೆ, ಕೂಲಿ ಮೊದಲೇ ಮಾತಾಡಿಕೊಳ್ಳಿ. ಲೋಟ ಬಂದಾಗ ಎಣಿಸಿ, ಹೋಗುವಾಗಲೂ ಎಣಿಸಿ. ಕಾಣೆಯಾದ ಲೋಟದ ದುಡ್ಡು ನಿಮ್ಮ ಡೆಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತಾರೆ.

ಮಜ್ಜಿಗೆ ವಿಷಯದಲ್ಲಿ ನಾನು ನಿಮ್ಮ ಅಪ್ಪನ ಕಡೆ. ಕೋಕಂ ಬಂತಲ್ಲ, ಹಾಗಾಗಿ ಪಾನಕ 50 ಲೀಟರ್‌ಗೆ ಇಳಿಸಿ, ಕೋಕಂ 50 ಮಾಡಿ. ಉಳಿದ 35ರಷ್ಟು ಮಜ್ಜಿಗೆ ಹಿರಿಯರು ಕೂರುವ ಮುಂದಿನ ಸಾಲಿಗೆ ಅಂತ ಟ್ರೇಯಲ್ಲಿ ಹೋಗಲಿ, ಕೌಂಟರಿನಲ್ಲಿ ಇಡಬೇಡಿ. ಸಿಹಿ ಕುಡಿಯದವರು ಅಲ್ಲೇ ಜಾಸ್ತಿ ಕೂತಿರುತ್ತಾರೆ. ಊಟಕ್ಕೆ ಬೇಕಾದ್ದು ಇದರಲ್ಲಿ ಸೇರಿಲ್ಲ, ಅದಕ್ಕೆ ಮೊಸರು ಬೇರೆ ಹೇಳಬೇಕು, ಎರಡು ದಿನ ಮುಂಚೆಯೇ ಹಾಲಿನವರಿಗೆ ತಿಳಿಸಿ.