ಲೇಖಕರು ತೀರಿಕೊಂಡು ಅರವತ್ತು ವರ್ಷ ದಾಟಿದೆ: ಮರಣಾನಂತರ ಬಂದ ಸಂಕಲನವನ್ನು ಅಚ್ಚು ಹಾಕಿಸಿದವರ ಅನುಭವ ಬೇಕು

ಪ್ರಶ್ನೆ, ಹನುಮಂತನಗರದ ಓದುಗರ ಬಳಗದಿಂದ:
1961ರಲ್ಲಿ ತೀರಿಕೊಂಡ ಒಬ್ಬ ಪ್ರಸಿದ್ಧ ಕತೆಗಾರರ ಎರಡು ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಿಸಬೇಕೆಂದಿದ್ದೇವೆ. ಮೊದಲನೆಯದು ಅವರಿದ್ದಾಗಲೇ ಬಂದದ್ದು. ಎರಡನೆಯದು ಅವರ ನೋಟುಪುಸ್ತಕಗಳಿಂದ ಮಗ ಆರಿಸಿ, ಒಬ್ಬ ಅಧ್ಯಾಪಕರಿಂದ ತಿದ್ದಿಸಿ 1979ರಲ್ಲಿ ಪ್ರಕಟಿಸಿದ್ದು. ಎರಡಕ್ಕೂ ಕೃತಿಸ್ವಾಮ್ಯದ (ಕಾಪಿರೈಟ್) ಹಕ್ಕಿನ ಅವಧಿ ಮುಗಿದಿದೆಯೇ? ಇಂಥದ್ದಕ್ಕೆ ಕೈಹಾಕಿದವರು ದಯವಿಟ್ಟು ತಿಳಿಸಿ.

ಚಾಮರಾಜಪೇಟೆಯ ಪ್ರಕಾಶಕ:
ಬದುಕಿದ್ದಾಗ ಬಂದ ಪುಸ್ತಕದ ಚಿಂತೆ ಬೇಡ, ಲೇಖಕರು ತೀರಿಕೊಂಡ ಮರುವರ್ಷದಿಂದ ಅರವತ್ತು ವರ್ಷ ತುಂಬಿ 2022ರ ಜನವರಿ 1ರಿಂದಲೇ ಅದು ಎಲ್ಲರದು. ಆದರೆ ಯಾವ ಪ್ರತಿಯನ್ನು ಮುಂದಿಟ್ಟುಕೊಂಡು ಅಚ್ಚಿಗೆ ಕೊಡುತ್ತೀರಿ ಎಂಬುದನ್ನು ನೋಡಿಕೊಳ್ಳಿ. ಅವಧಿ ಮುಗಿದ ಕಾದಂಬರಿಯೊಂದನ್ನು ನಾನು ಅವೆನ್ಯೂ ರಸ್ತೆಯಲ್ಲಿ ಸಿಕ್ಕ ಮೂರನೆಯ ಮುದ್ರಣದಿಂದ ತೆಗೆದುಕೊಂಡೆ. ಮೊಳೆ ಸವೆದ ಅಚ್ಚಾದ್ದರಿಂದ ಕಂಪ್ಯೂಟರು ‘ಪ’ವನ್ನು ‘ಷ’ ಎಂದೂ ಅನುಸ್ವಾರವನ್ನು ಸೊನ್ನೆ ಎಂದೂ ಓದುತ್ತಿತ್ತು. ಕೊನೆಗೆ 272 ಪುಟಗಳನ್ನೂ ಪುಟಕ್ಕೆ 30 ರೂಪಾಯಿಯಂತೆ ಹೊಸದಾಗಿ ಡಿಟಿಪಿ ಮಾಡಿಸಿ, ಕರಡು ತಿದ್ದುವುದಕ್ಕೆ ಪುಟಕ್ಕೆ ಮತ್ತೆ 12 ರೂಪಾಯಿ ತೆತ್ತೆ. 500 ಪ್ರತಿ ಬೈಂಡಾಗಿ ಬಂದ ಮೇಲೆ ಮನೆಯವರ ವಕೀಲರಿಂದ ನೋಟಿಸು. ಕಾದಂಬರಿಗೆ ಆಕ್ಷೇಪವಿಲ್ಲವಂತೆ, ಕೊನೆಯಲ್ಲಿರುವ ಹಿನ್ನುಡಿ ಲೇಖಕರ ಅಳಿಯ ಬರೆದದ್ದಂತೆ, ಅವರು ಇನ್ನೂ ಇದ್ದಾರಂತೆ! ಹಿನ್ನುಡಿಯ ಕೆಳಗೆ ಹೆಸರೇ ಇರಲಿಲ್ಲ. ಇಲ್ಲದ ಹೆಸರನ್ನು ನಾನು ಎಲ್ಲಿಂದ ಓದಲಿ? ಕೊನೆಯ ಫಾರಂ (ಒಟ್ಟಿಗೆ ಮಡಚಿ ಹೊಲಿದ ಪುಟಗಳ ಕಟ್ಟು) ಕೀಳಿಸಿ, ಹೊಸ ರಕ್ಷಾಪುಟ ಹಾಕಿಸಿ ಮತ್ತೆ ಬೈಂಡ್ ಮಾಡಿಸಲು ಪ್ರತಿಗೆ 22 ರೂಪಾಯಿಯಂತೆ 11,000, ವಕೀಲರಿಗೆ 7,500. ಆದರೂ ಆ ಕಾದಂಬರಿ ಇಂದು ಅಂಗಡಿಯಲ್ಲಿ ಸಿಗುವುದು ನನ್ನಿಂದ. ಅಚ್ಚು ಹಾಕದೆ ಸುಮ್ಮನೆ ಕುಳಿತಿದ್ದ ಮನೆಯವರಿಂದಲ್ಲ.

ಜಯನಗರದ ಮೊಮ್ಮಗ:
‘ಸುಮ್ಮನೆ ಕುಳಿತಿದ್ದ ಮನೆಯವರು’ ಎನ್ನುವುದು ಸುಲಭ. ನಮ್ಮ ತಾತನ ಅಪ್ರಕಟಿತ ಕತೆಗಳ ಕಟ್ಟನ್ನು ಗೆದ್ದಲಿನಿಂದ ಉಳಿಸಿ, ವರ್ಷವರ್ಷವೂ ಬಿಸಿಲು ಕಾಣಿಸಿದವರು ಆ ಮನೆಯ ಹಿರಿಸೊಸೆಯಾದ ನನ್ನ ತಾಯಿ. ಆದರೆ ತಾತ ಉಯಿಲಿನಲ್ಲಿ ತಮ್ಮ ಬರಹದ ಕಾಗದಗಳೆಲ್ಲ ಕಿರಿಯ ಮಗನಿಗೆ ಎಂದು ಒಂದು ಸಾಲು ಬರೆದಿದ್ದರು. ಉಯಿಲಿನಲ್ಲಿ ಬೇರೆ ರೀತಿ ಹೇಳದಿದ್ದರೆ ಅಪ್ರಕಟಿತ ಹಸ್ತಪ್ರತಿ ಯಾರ ಪಾಲಿಗೆ ಹೋಯಿತೋ ಅದರ ಹಕ್ಕೂ ಅವರ ಪಾಲಿಗೇ ಹೋಗುತ್ತದೆ ಎನ್ನುವುದು ಕೃತಿಸ್ವಾಮ್ಯ ಕಾಯಿದೆಯ 20ನೆಯ ಸೆಕ್ಷನ್. ಆ ಕತೆಗಳು ಅಚ್ಚಾದಾಗ ಶೇಕಡ 10ರ ಗೌರವಧನ ಪೂರ್ತಿ ಚಿಕ್ಕಪ್ಪನ ಮನೆ ಸೇರಿತು, ನನ್ನ ತಾಯಿಗೆ ಒಂದು ಗೌರವ ಪ್ರತಿಯೂ ಬರಲಿಲ್ಲ.

ಹಾಗೆಂದು ಪ್ರಕಾಶಕರ ಪರ ವಹಿಸಲಾರೆ. ಅವಧಿ ಮುಗಿದರೆ ವಾರಸುದಾರರ ಬಾಯಿಯೂ ಮುಚ್ಚಿತು ಎಂದುಕೊಳ್ಳಬೇಡಿ. ಲೇಖಕರ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚಿದರೆ 57ನೆಯ ಸೆಕ್ಷನ್ನಿನಡಿ ಪ್ರಶ್ನಿಸಬಹುದು. ಹಕ್ಕಿನ ಅವಧಿಯೊಳಗೆ ಮಾತ್ರ ಎಂದಿದ್ದ ಮಿತಿಯನ್ನು 2012ರ ತಿದ್ದುಪಡಿ ತೆಗೆದುಹಾಕಿದೆ. ಇಂದಿನ ಓದುಗರಿಗೆ ಸರಳಗೊಳಿಸುವ ನೆಪದಲ್ಲಿ ತಾತನ ಹಳ್ಳಿಯ ಮಾತುಕತೆಯನ್ನೆಲ್ಲ ಒಬ್ಬರು ಸಪ್ಪೆ ಗ್ರಾಂಥಿಕ ಮಾಡಿದ್ದರು. ಇದೇ ಸೆಕ್ಷನ್ ತೋರಿಸಿ ಆ ಪುಸ್ತಕವನ್ನು ಹಿಂದಕ್ಕೆ ತೆಗೆಸಿದೆವು.

ನಿವೃತ್ತ ಅಧ್ಯಾಪಕಿ, ಮಲ್ಲೇಶ್ವರ:
ಕಟ್ಟನ್ನು ಬಿಸಿಲಿಗೆ ಹಾಕುವುದು ಬೇರೆ, ಬಿಚ್ಚಿ ಓದುವುದು ಬೇರೆ. ನಾನು ಸಂಪಾದಿಸಿದ ಮರಣೋತ್ತರ ಸಂಕಲನದಲ್ಲಿ ಒಂದೇ ಕತೆಗೆ ಮೂರು ಮುಕ್ತಾಯಗಳಿದ್ದವು: ಒಂದು ಪೆನ್ಸಿಲಿನದು, ಒಂದು ನೀಲಿ ಶಾಯಿಯದು, ಇನ್ನೊಂದು ಯಾರದೋ ಮದುವೆಯ ಕರೆಯೋಲೆಯ ಹಿಂಬದಿಯಲ್ಲಿ ಬರೆದದ್ದು. ಮೊದಲೆರಡು ಹಿಂದಿನ ವರ್ಷದ ನೋಟುಪುಸ್ತಕದಲ್ಲಿದ್ದುದರಿಂದ, ಕರೆಯೋಲೆಯ ಮುಹೂರ್ತದ ತಾರೀಖು ನೋಡಿ ಅದೇ ಕಡೆಯದೆಂದು ತೀರ್ಮಾನಿಸಿ, ಉಳಿದೆರಡನ್ನು ಅಡಿಟಿಪ್ಪಣಿಗೆ ಇಳಿಸಿದೆ. ಅಷ್ಟಕ್ಕೂ ಸಂಭಾವನೆ 6,000 ರೂಪಾಯಿ. ಎರಡನೆಯ ಮುದ್ರಣದಲ್ಲಿ ನನ್ನ ಹೆಸರು ಮಾಯವಾಗಿದೆ, ಅಡಿಟಿಪ್ಪಣಿಗಳು ಮಾತ್ರ ಹಾಗೆಯೇ ಇವೆ. ಸಂಪಾದಿಸಿದವರಿಗೆ ಹಕ್ಕು ಹುಟ್ಟಲು ಬರೀ ದುಡಿಮೆ ಸಾಲದು, ಕೌಶಲ ಮತ್ತು ವಿವೇಚನೆ ಕಾಣಬೇಕು ಎಂದು ಈಸ್ಟರ್ನ್ ಬುಕ್ ಕಂಪನಿ ಮತ್ತು ಮೋದಕ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ ಹೇಳಿತು. ಕಾಗುಣಿತ ತಿದ್ದಿದವರಿಗೆ ಹಕ್ಕು ಹುಟ್ಟುವುದಿಲ್ಲ, ಒಪ್ಪಿದೆ. ಮುಕ್ತಾಯವನ್ನು ಆರಿಸಿ ಟಿಪ್ಪಣಿ ಬರೆದವಳಿಗೂ ಇಲ್ಲವೇ?

ಅನುವಾದಕ, ವಿಜಯನಗರ:
ಕೇಳಿದವರನ್ನು ಎಲ್ಲರೂ ಮರೆತಂತಿದೆ. ಲೇಖಕರು ಬದುಕಿದ್ದಾಗ ಪ್ರಕಟವಾಗದ ಬರಹಕ್ಕೆ 24ನೆಯ ಸೆಕ್ಷನ್ನಿನಂತೆ, ಮೊದಲು ಅಚ್ಚಾದ ವರ್ಷದ ಮರುವರ್ಷದಿಂದ 60 ಎಣಿಸಬೇಕು. ನಿಮ್ಮ 1979ರ ಸಂಕಲನಕ್ಕೆ 2039ರ ಕೊನೆಯವರೆಗೆ ಅನುಮತಿ ಬೇಕು. ಡಿವಿಜಿಯವರು ತೀರಿಕೊಂಡದ್ದು 1975ರಲ್ಲಿ, ಆದ್ದರಿಂದ ‘ಮಂಕುತಿಮ್ಮನ ಕಗ್ಗ’ಕ್ಕೆ 2035ರ ಕೊನೆ, ಅವರ ನಂತರ 1984ರಲ್ಲಿ ಬಂದ ‘ಮರುಳ ಮುನಿಯನ ಕಗ್ಗ’ಕ್ಕೆ 2044ರ ಕೊನೆ. ಅದರ ಯಾವುದಾದರೂ ಪದ್ಯ ಅವರಿದ್ದಾಗಲೇ ಎಲ್ಲಾದರೂ ಅಚ್ಚಾಗಿದ್ದರೆ ಆ ಪದ್ಯಕ್ಕೆ ಮಾತ್ರ 2035ರ ಲೆಕ್ಕ.

ನನ್ನನ್ನು ಹೊಡೆದದ್ದು ಇಂಗ್ಲಿಷ್ ಕಾದಂಬರಿಕಾರ ಟೋಲ್ಕೀನರ ಲೆಕ್ಕ. ಅವರು 1973ರಲ್ಲಿ ತೀರಿಕೊಂಡದ್ದರಿಂದ ‘ಲಾರ್ಡ್ ಆಫ್ ದಿ ರಿಂಗ್ಸ್’ ಭಾರತದಲ್ಲಿ 2033ರ ಕೊನೆಗೆ ಮುಕ್ತವಾಗುತ್ತದೆ. ನಾನು ಕನ್ನಡಕ್ಕೆ ತಂದದ್ದು ಅದನ್ನಲ್ಲ, ಮಗ ಕ್ರಿಸ್ಟೋಫರ್ ಸಂಪಾದಿಸಿ 1977ರಲ್ಲಿ ಹೊರತಂದ ‘ಸಿಲ್ಮರಿಲಿಯನ್’, ಅದಕ್ಕೆ 2037. ಮಗ 2020ರಲ್ಲಿ ತೀರಿಕೊಂಡದ್ದರಿಂದ ಅವರ ಸ್ವಂತ ಮುನ್ನುಡಿಗೆ 2080! ಅರ್ಧಕ್ಕಿಂತ ಹೆಚ್ಚು ಮುಗಿಸಿದ ಅನುವಾದ ಬೀರುವಿನಲ್ಲಿದೆ.

ಚಾಮರಾಜಪೇಟೆಯ ಪ್ರಕಾಶಕ:
ಮೇಡಂ, ಸಂಭಾವನೆ ಪಡೆದು ರಸೀದಿಗೆ ಸಹಿ ಹಾಕಿದ ಮೇಲೆ ಹಕ್ಕಿನ ಮಾತೇಕೆ? ಸಂಪಾದಕರೆಲ್ಲ ಹೀಗೆ ಎದ್ದು ನಿಂತರೆ ಹಳೆಯ ಪುಸ್ತಕ ಯಾವುದೂ ಅಚ್ಚಾಗುವುದಿಲ್ಲ.

ನಿವೃತ್ತ ಅಧ್ಯಾಪಕಿ, ಮಲ್ಲೇಶ್ವರ:
ರಸೀದಿ ಕೊಟ್ಟದ್ದು ಹಣ ತಲುಪಿದ್ದಕ್ಕೆ. ಹಕ್ಕು ಕೈಬದಲಾಗಬೇಕಾದರೆ ಬರಹದ ಕರಾರು ಬೇಕು ಎನ್ನುತ್ತದೆ 19ನೆಯ ಸೆಕ್ಷನ್. ಕರಾರಿನಲ್ಲಿ ಅವಧಿ ನಮೂದಾಗದಿದ್ದರೆ ಅದು ಐದೇ ವರ್ಷ. ನಿಮ್ಮ ಬಳಿ ಎಷ್ಟು ಸಂಪಾದಕರ ಕರಾರುಗಳಿವೆ ಎಂದು ಒಮ್ಮೆ ಕಡತ ತೆಗೆದು ನೋಡಿ, ಆಮೇಲೆ ಮಾತನಾಡೋಣ.