ಏಕತಾರಿ ಪಕ್ಕದಲ್ಲಿ ಸಿಂಥ್: ಎರಡನೇ ಆಲ್ಬಂ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಹಾವೇರಿ ಕಡೆಯ ಹಾಡುಗಾರ್ತಿ):

ಅಕ್ಕಾ, ನಮಸ್ಕಾರ. ನಾನೇ ಬರೆದು, ಮಟ್ಟು ಹಾಕಿ ಹಾಡುತ್ತೇನೆ. ಮೂರು ವರ್ಷದ ಹಿಂದೆ ಮೊದಲ ಆಲ್ಬಂ ಬಂತು. ಅದರಲ್ಲಿ ಗಿಟಾರ್, ಏಕತಾರಿ, ತಾಳ, ಅಷ್ಟೇ. ಈಗ ಎರಡನೆಯದಕ್ಕೆ ಎಂಟು ಹಾಡು ಸಿದ್ಧ ಇವೆ. ಆರು ನನ್ನವು. ಒಂದು ಶಿಶುನಾಳ ಶರೀಫರ ತತ್ವಪದ. ಇನ್ನೊಂದು ನಮ್ಮಜ್ಜಿ ಹೇಳುತ್ತಿದ್ದ ಬೀಸುವ ಪದ. ಈ ಸಲ ಸಿಂಥ್ (ಎಲೆಕ್ಟ್ರಾನಿಕ್ ಆಗಿ ನಾದ ಹುಟ್ಟಿಸುವ ಕೀಬೋರ್ಡ್), ಎಲೆಕ್ಟ್ರಾನಿಕ್ ಬೀಟ್ ಬೇಕು ಅಂತ ನನಗೇ ಆಸೆ. ಯಾರ ಒತ್ತಾಯವೂ ಇಲ್ಲ.

ಒಂದು ಸ್ಟುಡಿಯೋದಲ್ಲಿ ಎರಡು ಹಾಡು ಮಾಡಿಸಿ ನೋಡಿದೆ. ಅವರು ಮೊದಲು ಬೀಟ್ ಕಟ್ಟಿಕೊಂಡು, ಇದರ ಮೇಲೆ ಹಾಡಿ ಅಂದರು. ಆಮೇಲೆ ದನಿಯನ್ನು ಟ್ಯೂನ್ ಮಾಡಿದರು. ಕೇಳೋಕೆ ನೀಟಾಗಿದೆ. ಆದರೆ ಅಮ್ಮ ಕೇಳಿ, "ಇದು ಯಾರ ಹಾಡು?" ಅಂದರು. ಆವತ್ತಿನಿಂದ ಕೆಲಸ ನಿಂತಿದೆ. ಎಲ್ಲಿ ತಪ್ಪಾಯಿತು ಅಕ್ಕಾ?

ಉತ್ತರ (ಬೆಂಗಳೂರಿನಲ್ಲಿ ರೆಕಾರ್ಡಿಂಗ್, ಮಿಕ್ಸಿಂಗ್ ಎಂಜಿನಿಯರ್):

ತಂಗಿ, ನಿಮ್ಮ ಅಮ್ಮನ ಕಿವಿ ಸರಿಯಾಗಿದೆ. ಸಿಂಥ್ ಹಾಕಿದ್ದಕ್ಕೆ ಹೀಗಾಗಿಲ್ಲ. ಹಾಡಿಗಿಂತ ಮೊದಲು ಬೀಟ್ ಬಂತು, ಅದಕ್ಕೆ ಹೀಗಾಯಿತು. ಬೀಟ್ ಮೊದಲು ಬಂದರೆ ಹಾಡುವವರು ಅದರ ಹಿಂದೆ ಓಡಬೇಕಾಗುತ್ತದೆ. ನಿಮ್ಮ ಹಾಡಿನಲ್ಲಿ ಸಾಲು ಮುಗಿದಾಗ ಒಂದು ಉಸಿರು ಇರುತ್ತದೆ. ಒಂದು ಮಾತಿನ ಮೇಲೆ ಸ್ವಲ್ಪ ತಡೆದು ಮುಂದೆ ಹೋಗುವ ಗತ್ತು ಇರುತ್ತದೆ. ಕ್ಲಿಕ್, ಅಂದರೆ ಕಿವಿಗೆ ಹಾಕುವ ಯಂತ್ರದ ಟಕ್ ಟಕ್ ತಾಳ, ಅದಕ್ಕೆಲ್ಲ ಕಾಯುವುದಿಲ್ಲ.

ಈ ಸಲ ಉಲ್ಟಾ ಮಾಡಿ. ಏಕತಾರಿ ಹಿಡಿದು, ತಾಳದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕ್ಲಿಕ್ ಇಲ್ಲದೆ ಪೂರ್ತಿ ಹಾಡು ಹಾಡಿ. ಮೂರು ನಾಲ್ಕು ಸಲ. ಅದರಲ್ಲಿ ಮೈಮರೆತು ಹಾಡಿದ್ದು ಒಂದಾದರೂ ಸಿಗುತ್ತದೆ. ಅದನ್ನು ಇಟ್ಟುಕೊಂಡು, ಸಾಫ್ಟ್‌ವೇರಿನಲ್ಲಿ ತಾಳದ ಒಂದೊಂದು ಏಟಿಗೂ ಗುರುತು ಹಾಕಿ ಟೆಂಪೋ ಮ್ಯಾಪ್, ಅಂದರೆ ಹಾಡಿನ ವೇಗದ ನಕ್ಷೆ, ಮಾಡಿಸಿ. ಪಲ್ಲವಿ ನಿಮಿಷಕ್ಕೆ 92 ಏಟಿನಲ್ಲಿ ಶುರುವಾಗಿ ಕೊನೆಯ ನುಡಿಗೆ 97ಕ್ಕೆ ಏರಿದ್ದರೆ ಏರಲಿ. ಸಿಂಥ್, ಡ್ರಮ್ ಮಷಿನ್ ಎಲ್ಲ ಆ ಮ್ಯಾಪ್ ಹಿಡಿದು ನಿಮ್ಮ ಹಿಂದೆ ಬರುತ್ತವೆ. ಬೇಸರ ಹಿಡಿಸುವ ಕೆಲಸ, ಒಂದು ಹಾಡಿಗೆ ಅರ್ಧ ದಿನವೇ ಬೇಕು. ಆ ಅರ್ಧ ದಿನ ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನು ಶ್ರುತಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಿಮ್ಮ ದನಿಯನ್ನು ಟ್ಯೂನ್ ಮಾಡಿದ ಕಾರಣ ಇಲ್ಲೇ ಇರಬಹುದು. ಕೀಬೋರ್ಡಿನಲ್ಲಿ ಒಂದು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ್ದಾರೆ. ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್ (ಸ್ವರಗಳ ನಡುವಿನ ಅಂತರ ಅಳೆಯುವ ಲೆಕ್ಕ). ಹಾಗಾಗಿ ಷಡ್ಜದಿಂದ ದೊಡ್ಡ ಗಾಂಧಾರಕ್ಕೆ 400 ಸೆಂಟ್. ಏಕತಾರಿಯ ನಾದಕ್ಕೆ ಕಿವಿ ಕೊಟ್ಟು ಹಾಡುವಾಗ ಗಂಟಲು ಹುಡುಕುವ ಗಾಂಧಾರ 386ರ ಹತ್ತಿರ ಇರುತ್ತದೆ. ಕೀಬೋರ್ಡಿಗಿಂತ 14 ಸೆಂಟ್ ಕೆಳಗೆ. ಗಿಟಾರಿನಲ್ಲಿ ಸ್ವರ ನುಡಿದ ಕೂಡಲೇ ಆರಿಹೋಗುತ್ತದೆ, ಅಷ್ಟು ತಿಳಿಯುವುದಿಲ್ಲ. ಆದರೆ ಸಿಂಥ್ ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ನಾದ) ಹತ್ತು ಸೆಕೆಂಡ್ ಗಾಂಧಾರ ಹಿಡಿದು ನಿಂತರೆ ನಿಮ್ಮ ದನಿಗೂ ಅದಕ್ಕೂ ತಿಕ್ಕಾಟ ಶುರು. ಆಗ ಮಿಕ್ಸ್ ಮಾಡುವವರಿಗೆ ನೀವು ಶ್ರುತಿ ಇಳಿದಿದ್ದೀರಿ ಅನಿಸುತ್ತದೆ. ನಿಮ್ಮನ್ನು ಎಳೆದು ಕೀಬೋರ್ಡಿಗೆ ಕಟ್ಟುತ್ತಾರೆ. ಸರಿ ಇದ್ದದ್ದು ನೀವು!

ಉಪಾಯ ಸುಲಭ. ಪ್ಯಾಡಿಗೆ ಷಡ್ಜ, ಪಂಚಮ ಎರಡನ್ನೇ ಕೊಡಿ. ಪಂಚಮದಲ್ಲಿ ವ್ಯತ್ಯಾಸ 2 ಸೆಂಟ್ ಮಾತ್ರ, ಯಾರಿಗೂ ತೊಂದರೆ ಇಲ್ಲ. ಗಾಂಧಾರವನ್ನು ನಿಮ್ಮ ದನಿಗೇ ಬಿಟ್ಟುಬಿಡಿ. ಕಾರ್ಡ್ (ಕೆಲವು ಸ್ವರ ಒಟ್ಟಿಗೆ ನುಡಿಸುವುದು) ಬೇಕೇ ಬೇಕು ಅನ್ನಿಸಿದರೆ ಈಗಿನ ಸುಮಾರು ಸಿಂಥ್‌ಗಳಲ್ಲಿ ಒಂದೊಂದು ಸ್ವರವನ್ನೂ ಬೇರೆಯಾಗಿ ಶ್ರುತಿ ಮಾಡಬಹುದು. ದನಿಯಲ್ಲಿ ನಿಜವಾಗಲೂ ಒಂದು ಕಡೆ ಜಾರಿದ್ದರೆ ಆ ಒಂದೇ ಸ್ವರವನ್ನು ಕೈಯಲ್ಲಿ ತಿದ್ದಿಸಿ. ಇಡೀ ಹಾಡಿನ ಮೇಲೆ ತಾನಾಗಿ ತಿದ್ದುವ ಪ್ಲಗಿನ್ ಹಾಕಬೇಡಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿಯನ್ನೆಲ್ಲ ಅದು ಮೆಟ್ಟಿಲು ಮಾಡಿಬಿಡುತ್ತದೆ.

ಪ್ರಶ್ನೆ (ಅದೇ ಹಾಡುಗಾರ್ತಿ):

ಶ್ರುತಿ ವಿಷಯ ಓದಿ ಜೀವ ಬಂತು ಅಕ್ಕಾ. ನನ್ನ ಶ್ರುತಿ ಕಪ್ಪು ನಾಲ್ಕು, ಅಂದರೆ ಕೀಬೋರ್ಡಿನ ನಾಲ್ಕನೇ ಕಪ್ಪು ಮನೆ. ನಾಳೆಯೇ ಸ ಪ ಮಾತ್ರ ಇಟ್ಟು ನೋಡುತ್ತೇನೆ. ಬೀಸುವ ಪದ ಹೇಗೆ ಮಾಡಲಿ? ಅದಕ್ಕೆ ಯಾವ ಲೂಪ್ (ತಿರುತಿರುಗಿ ಬರುವ ಬೀಟಿನ ತುಣುಕು) ಹಾಕಿದರೂ ಮೂರನೇ ಸಾಲಿನಲ್ಲಿ ತಪ್ಪುತ್ತದೆ. ಅಜ್ಜಿ ಹಾಡಿದ್ದು ಹಳೆಯ ಫೋನಿನಲ್ಲಿ ಸ್ವಲ್ಪ ಇದೆ. ಈಗ ಅವರಿಲ್ಲ. ಆ ದನಿಯನ್ನೂ ಹಾಡಿನಲ್ಲಿ ಸೇರಿಸಬೇಕು ಅಂತ ಮನಸ್ಸು.

ಉತ್ತರ:

ಮೂರನೇ ಸಾಲಿನಲ್ಲಿ ತಪ್ಪಲೇಬೇಕು. ಬೀಸುವ ಪದ ತ್ರಿಪದಿ ಅಲ್ವಾ? ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ಗಣ, ಮೂರನೆಯದಕ್ಕೆ ಮೂರೇ. ರೆಡಿಮೇಡ್ ಲೂಪ್ ಎಲ್ಲ ನಾಲ್ಕರ ಲೆಕ್ಕದಲ್ಲಿ ಚೌಕಾಕಾರ. ತ್ರಿಪದಿ ಚೌಕಕ್ಕೆ ಕೂರುವುದಿಲ್ಲ. ಅದಕ್ಕೇ ಹಾಡುವವರು ಎರಡನೇ ಸಾಲನ್ನು ತಿರುಗಿ ಹಾಡುವುದು, ಸಾಲಿನ ಕೊನೆಯನ್ನು ಎಳೆಯುವುದು. ಒಂದೊಂದು ಸಾಲಿಗೂ ಬೇರೆ ಉದ್ದದ ತುಣುಕು ಕಟ್ಟಿ. ಮೂರನೇ ಸಾಲು ಚಿಕ್ಕದಾಗಿಯೇ ಬರಲಿ. ಕೇಳುವವರಿಗೆ ಅಲ್ಲಿ ಒಂದು ಹೆಜ್ಜೆ ಮುಂದಕ್ಕೆ ಬಿದ್ದ ಹಾಗೆ ಅನಿಸುತ್ತದೆ. ಆ ಹಾಡಿನ ಚೆಲುವೇ ಅದು.

ನನ್ನ ಕೇಳಿದರೆ ಈ ಹಾಡಿಗೆ ಡ್ರಮ್ ಮಷಿನ್ ಬೇಡ. ಮನೆಯಲ್ಲಿ ಬೀಸುವ ಕಲ್ಲು ಇದೆಯಾ? ಇದ್ದರೆ ಜೋಳ ಹಾಕಿ ಬೀಸಿ, ಎರಡು ಮೈಕ್ ಇಟ್ಟು ರೆಕಾರ್ಡ್ ಮಾಡಿ. ಒಂದು ಕಲ್ಲಿನ ಹತ್ತಿರ, ಇನ್ನೊಂದು ನೆಲದ ಮಟ್ಟದಲ್ಲಿ ಸ್ವಲ್ಪ ದೂರ. ಒಂದು ಸುತ್ತಿನಲ್ಲಿ ಎಳೆಯುವಾಗ ಒಂದು ಸದ್ದು, ದೂಡುವಾಗ ಇನ್ನೊಂದು ಸದ್ದು ಬರುತ್ತದೆ. ಅದೇ ನಿಮ್ಮ ಬೀಟ್. ಒಂದು ಸುತ್ತಿಗೆ ಎರಡು ಸೆಕೆಂಡ್ ಹಿಡಿದರೆ ನಿಮಿಷಕ್ಕೆ 30 ಸುತ್ತು. ಸುತ್ತಿಗೆ ನಾಲ್ಕು ಏಟು ಅಂದುಕೊಂಡರೆ 120 ಬಿಪಿಎಂ, ಅಂದರೆ ನಿಮಿಷಕ್ಕೆ 120 ಏಟು. ಕ್ಲಬ್ಬಿನಲ್ಲಿ ಕುಣಿಸುವ ಹಾಡುಗಳ ವೇಗವೂ ಇದರ ಆಸುಪಾಸಿನಲ್ಲೇ. ಇದು ನೆನಪಾದಾಗೆಲ್ಲ ನನಗೆ ರೋಮಾಂಚನ ಆಗುತ್ತದೆ. ಆ ಕಲ್ಲಿನ ಸದ್ದನ್ನೇ ಒಂದು ಸಪ್ತಕ ಕೆಳಗಿಳಿಸಿ ಬೇಸ್ ಮಾಡಿ. ಕಾಳು ಒಡೆಯುವ ಚಿಕ್ಕ ಸದ್ದನ್ನು ಕತ್ತರಿಸಿ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಚಿಕ್ಕ ತಾಳ) ಜಾಗದಲ್ಲಿ ಇಡಿ. ಎಲ್ಲ ಎಲೆಕ್ಟ್ರಾನಿಕ್ಕೇ, ಆದರೆ ಒಂದೂ ಹೊರಗಿನಿಂದ ತಂದದ್ದಲ್ಲ.

ಅಜ್ಜಿಯ ದನಿ ಖಂಡಿತ ಸೇರಿಸಿ. ಫೋನಿನ ಮೂಲ ಫೈಲ್ ತೆಗೆದು ಮೊದಲು ಎರಡು ಕಡೆ ಕಾಪಿ ಇಡಿ. ವಾಟ್ಸಾಪಿನಲ್ಲಿ ಓಡಾಡಿದ ಕಾಪಿ ಬೇಡ. ಗದ್ದಲ ತೆಗೆಯುವ ಸಾಫ್ಟ್‌ವೇರ್ ಜಾಸ್ತಿ ಬಳಸಿದರೆ ದನಿ ನೀರಿನಲ್ಲಿ ಮುಳುಗಿದ ಹಾಗೆ ಕೇಳುತ್ತದೆ. ಹಿಂದೆ ಕೋಳಿ ಕೂಗಿದ್ದರೆ ಇರಲಿ ಬಿಡಿ. ಅವರ ದನಿ ಬರುವ ಕಡೆ ಉಳಿದದ್ದನ್ನೆಲ್ಲ ನಿಲ್ಲಿಸಿ, ಕಲ್ಲಿನ ಸದ್ದು ಒಂದನ್ನೇ ಇಡಿ.

ಪ್ರಶ್ನೆ (ಗದಗ ಕಡೆಯ ಹಿರಿಯ ಭಜನೆ ಹಾಡುಗಾರರು):

ತಂಗೀ, ನಲವತ್ತು ವರ್ಷದಿಂದ ತತ್ವಪದ ಹಾಡುತ್ತಿದ್ದೇನೆ. ಕಂಪ್ಯೂಟರ್ ಸೇರಿಸಿದ ಮೇಲೆ ಅದು ತತ್ವಪದವಾಗಿ ಉಳಿಯುತ್ತದಾ?

ಉತ್ತರ:

ಕಾಕಾ, ನಿಮ್ಮ ಭಯ ನನಗೂ ಇದೆ. ಆದರೆ ನಿಮ್ಮ ಮೇಳದ ಹಾರ್ಮೋನಿಯಂ ನೋಡಿ. ಅದು ಹುಟ್ಟಿದ್ದು 1840ರ ದಶಕದ ಪ್ಯಾರಿಸ್‌ನಲ್ಲಿ. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತ್ತು. ಅದು ನಮ್ಮ ಶ್ರುತಿಗೆ ಹೊಂದುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ ಅನ್ನುವುದೇ ಮುಖ್ಯ ತಕರಾರು. ಮೇಲೆ ಸಿಂಥ್ ಬಗ್ಗೆ ನಾನು ಹೇಳಿದ ದೂರೂ ಅದೇ! ನಿಷೇಧ ಸಡಿಲವಾಗಿದ್ದು 1971ರಲ್ಲಿ. ಅಷ್ಟರಲ್ಲಿ ಭಜನೆಯವರು ಅದನ್ನು ತಮ್ಮದು ಮಾಡಿಕೊಂಡಿದ್ದರು. ದನಿಯ ಹಿಂದೆ ಹೇಗೆ ನಡೆಸಬೇಕು ಅಂತ ಕಲಿತಿದ್ದರು.

ತತ್ವಪದಕ್ಕೆ ಮಾತೇ ಜೀವ. ಮಾತು ಕೇಳಿಸದಿದ್ದರೆ ಏನು ಹಾಕಿದರೂ ಹೋಯಿತು, ಹಾರ್ಮೋನಿಯಂ ಆದರೂ ಅಷ್ಟೇ. ಅದಕ್ಕೆ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಮಿಕ್ಸ್ ಮುಗಿದ ಮೇಲೆ ಹಾಡು ಗೊತ್ತಿಲ್ಲದ ಒಬ್ಬರಿಗೆ ಚಿಕ್ಕ ಫೋನಿನ ಸ್ಪೀಕರಿನಲ್ಲಿ ಕೇಳಿಸುತ್ತೇನೆ. ಅವರು ಪದಗಳನ್ನು ತಿರುಗಿ ಹೇಳಬೇಕು. ಹೇಳೋಕೆ ಆಗದಿದ್ದರೆ ಮಿಕ್ಸ್ ಮತ್ತೆ ಬಿಚ್ಚುತ್ತೇನೆ.

ಪ್ರಶ್ನೆ (ಕೀಬೋರ್ಡ್ ನುಡಿಸುವ ಹುಡುಗ, ದಾವಣಗೆರೆ):

ಅಕ್ಕ, ಈ ತರಹ ಆಲ್ಬಂ ಸರಿಯಾಗಿ ಮಾಡಿದವರು ಯಾರಾದರೂ ಇದ್ದಾರಾ? ಡೊಳ್ಳಿನ ಜೊತೆ ಸಿಂಥ್ ಬೇಸ್ ಹಾಕಿದರೆ ಎಲ್ಲ ಕಲಸಿಹೋಗುತ್ತದೆ, ಅದಕ್ಕೂ ಏನಾದರೂ ಹೇಳಿ.

ಉತ್ತರ:

ಡೊಳ್ಳು, ಸಿಂಥ್ ಬೇಸ್ ಎರಡಕ್ಕೂ ತಳದ ಮನೆಯೇ, ಅಂದರೆ ತಗ್ಗಿನ ಸದ್ದಿನ ಜಾಗವೇ ಬೇಕು. ಒಬ್ಬರಿಗೆ ಕೊಡಿ. ಡೊಳ್ಳು ಬಾರಿಸುವಾಗ ಸಿಂಥ್ ಬೇಸ್ ಸುಮ್ನೆ ಇರಲಿ, ಇಲ್ಲವೇ ಡೊಳ್ಳಿನ ಏಟು ಬಿದ್ದ ಕ್ಷಣ ಬೇಸ್ ತಗ್ಗುವ ಹಾಗೆ ಸೈಡ್‌ಚೈನ್ ಹಾಕು. ಹಲಗೆಯ ಚುರುಕು ಏಟು ಇದ್ದ ಕಡೆ ಹೈ-ಹ್ಯಾಟ್ ಬೇಕಾಗುವುದೇ ಇಲ್ಲ.

ನೀನು ಕೇಳಿದ ಆಲ್ಬಂಗೆ ನಾನು ಯಾವಾಗಲೂ ಹೇಳುವ ಹೆಸರು ಇಂಗ್ಲೆಂಡಿನ ಬೆತ್ ಆರ್ಟನ್. ಕೆಮಿಕಲ್ ಬ್ರದರ್ಸ್‌ನಂಥ ಎಲೆಕ್ಟ್ರಾನಿಕ್ ತಂಡದ ಹಾಡುಗಳಿಗೆ ದನಿ ಕೊಟ್ಟವರು, ಗಿಟಾರ್ ಹಿಡಿದು ತಮ್ಮದೇ ಹಾಡು ಬರೆದವರು. ಜಪಾನಿನಲ್ಲಿ ಮಾತ್ರ ಬಂದ ಒಂದು ಶುರುವಿನ ಪ್ರಯತ್ನ ಬಿಟ್ಟರೆ, ಅವರ ಮೊದಲ ಆಲ್ಬಂ 1996ರ ಟ್ರೈಲರ್ ಪಾರ್ಕ್. ಅದರಲ್ಲಿ ಜನಪದದ ಧಾಟಿಯೂ ಇತ್ತು, ಬೀಟೂ ಇತ್ತು. ಇಂಥ ಸಂಗೀತಕ್ಕೆ ಅಲ್ಲಿ ಫೋಕ್‌ಟ್ರಾನಿಕಾ ಅಂತ ಹೆಸರೇ ಬಿತ್ತು. ಎರಡನೆಯದು 1999ರ ಸೆಂಟ್ರಲ್ ರಿಸರ್ವೇಷನ್. ಎಲ್ಲರೂ ಇನ್ನೂ ಜಾಸ್ತಿ ಬೀಟ್ ಬರುತ್ತದೆ ಅಂದುಕೊಳ್ಳುವ ಹೊತ್ತಿನಲ್ಲಿ ಅವರು ಬೀಟ್ ಕಡಿಮೆ ಮಾಡಿದರು. ಹೆಚ್ಚಿನ ಹಾಡುಗಳಲ್ಲಿ ಗಿಟಾರ್, ದನಿ, ತಂತಿವಾದ್ಯವೇ ಮುಂದೆ. ಮಷಿನ್ ಬರುವುದು ಕೆಲವೇ ಕಡೆ, ಆದರೆ ಬಂದಲ್ಲಿ ಅದಕ್ಕೆ ಕೆಲಸ ಇದೆ. ಆ ಆಲ್ಬಂ ಬ್ರಿಟನ್ನಿನ ಮರ್ಕ್ಯುರಿ ಸಂಗೀತ ಪ್ರಶಸ್ತಿಯ ಪಟ್ಟಿಗೆ ಬಂತು. 2000ದಲ್ಲಿ ಅವರಿಗೆ ಬ್ರಿಟ್ ಪ್ರಶಸ್ತಿಯೂ ಸಿಕ್ಕಿತು.

ನನಗೆ ಅದರಲ್ಲಿ ತುಂಬ ಇಷ್ಟವಾದದ್ದು ಒಂದು ಸಂಗತಿ. ಆಲ್ಬಂ ಹೆಸರಿನ ಹಾಡು ಅದರಲ್ಲಿ ಎರಡು ಸಲ ಇದೆ. ಒಂದು ಮೂಲ ರೂಪ. ಇನ್ನೊಂದು ಎವೆರಿಥಿಂಗ್ ಬಟ್ ದ ಗರ್ಲ್ ಜೋಡಿಯ ಬೆನ್ ವಾಟ್ ಕೈಯಲ್ಲಿ ಎಲೆಕ್ಟ್ರಾನಿಕ್ ಆದದ್ದು. ಎರಡನ್ನೂ ಒಂದರ ಹಿಂದೆ ಒಂದು ಕೇಳು. ಮಾತು, ಮಟ್ಟು ಎರಡೂ ಅವೇ. ಬದಲಾದದ್ದು ಸುತ್ತಲಿನ ಗಾಳಿ ಮಾತ್ರ.

ಹಾವೇರಿ ತಂಗಿಗೂ ಇದೇ ಹೇಳುತ್ತೇನೆ. ಎಂಟು ಹಾಡಿಗೂ ಬೀಟ್ ಹಾಕಲೇಬೇಕು ಅಂತ ಹೊರಡಬೇಡಿ. ಒಂದೊಂದನ್ನೂ ಬರೀ ಏಕತಾರಿಗೆ ಹಾಡಿ ನೋಡಿ. ಏನೂ ಕೊರತೆ ಇಲ್ಲ ಅನಿಸಿದರೆ ಆ ಹಾಡನ್ನು ಮುಟ್ಟಬೇಡಿ. ಒಂದನ್ನು ಬೇಕಾದರೆ ಎರಡು ರೂಪದಲ್ಲೂ ಕೊಡಿ.

ಪ್ರಶ್ನೆ (ಹಾವೇರಿಯ ಹಾಡುಗಾರ್ತಿ):

ಹಕ್ಕಿನ ವಿಷಯವನ್ನೂ ಕೇಳಿಬಿಡುತ್ತೇನೆ. ಶರೀಫರ ಪದಕ್ಕೆ ಯಾರ ಅನುಮತಿ ಬೇಕು? ಮುಂದೆ ಬೇಂದ್ರೆಯವರ ಒಂದು ಕವನ ಹಾಡಬೇಕು ಅಂತಲೂ ಇದೆ.

ಉತ್ತರ:

ನಮ್ಮ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಶರೀಫರು 1889ರಲ್ಲೇ ತೀರಿಕೊಂಡರು. ಅವರ ಮಾತು ಎಲ್ಲರದ್ದು. ಆದರೆ ಈಗ ಜನ ಗುನುಗುವ ಎಷ್ಟೋ ಮಟ್ಟುಗಳು ನಮ್ಮ ಕಾಲದ ಸಂಗೀತ ನಿರ್ದೇಶಕರು ಹಾಕಿದ್ದು. ಅವಕ್ಕೆ ಬೇರೆ ಹಕ್ಕು ಇದೆ. ಕ್ಯಾಸೆಟ್ಟಿನಲ್ಲಿ ಕೇಳಿದ ಮಟ್ಟಾದರೆ ಅನುಮತಿ ತೆಗೆದುಕೊಳ್ಳಿ. ನಿಮ್ಮದೇ ಮಟ್ಟು ಹಾಕಿದರೆ ಇನ್ನೂ ಒಳ್ಳೆಯದು.

ಬೇಂದ್ರೆಯವರು ತೀರಿಕೊಂಡಿದ್ದು 1981ರಲ್ಲಿ. 2041 ಮುಗಿಯುವವರೆಗೆ ಹಕ್ಕು ಇದೆ. ಹಕ್ಕು ಯಾರ ಹತ್ತಿರ ಇದೆಯೋ ಅವರಿಂದ ಬರಹದಲ್ಲೇ ಒಪ್ಪಿಗೆ ಪಡೆಯಿರಿ, ಹಾಡು ಬಿಡುವ ಮೊದಲೇ. ಅಜ್ಜಿಯ ದನಿಗೆ ಹಾಡಿದವರ ಹಕ್ಕು ಅಂತ ಇದೆ, ಅದು 50 ವರ್ಷ. ನಿಮ್ಮ ತಾಯಿಗೆ, ಮಾವಂದಿರಿಗೆ ಕೇಳಿಸಿ, ಕೇಳಿ, ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಆಲ್ಬಂನಲ್ಲಿ ಅಜ್ಜಿಯ ಹೆಸರು ಹಾಡಿದವರ ಜಾಗದಲ್ಲಿ ಬರಲಿ. ಕೃತಜ್ಞತೆಯ ಸಾಲಿನಲ್ಲಿ ಅಲ್ಲ.

ಪ್ರಶ್ನೆ (ಹಾವೇರಿಯ ಹಾಡುಗಾರ್ತಿ):

ಬೀಸುವ ಕಲ್ಲು ಅತ್ತೆಯ ಮನೆಯಲ್ಲಿ ಸಿಕ್ಕಿತು ಅಕ್ಕಾ! ಭಾನುವಾರ ರೆಕಾರ್ಡ್ ಮಾಡುತ್ತೇವೆ. ನಿಮಗೆ ಮಿಕ್ಸಿಗೆ ಕಳಿಸಬಹುದಾ? ಹೇಗೆ ಕಳಿಸಲಿ?

ಉತ್ತರ:

ಕಳಿಸಿ, ಕಾಯುತ್ತಿರುತ್ತೇನೆ. 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್. ದನಿ, ಏಕತಾರಿ, ತಾಳ, ಕಲ್ಲು, ಸಿಂಥ್ ಎಲ್ಲ ಬೇರೆ ಬೇರೆ ಟ್ರ್ಯಾಕ್, ಎಲ್ಲವೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ. ಟೆಂಪೋ ಮ್ಯಾಪನ್ನು ಮಿಡಿ ಫೈಲ್ ಮಾಡಿ ಜೊತೆಗೆ ಇಡಿ. ಜೋರಾಗಿ ಕೇಳಲಿ ಅಂತ ಲಿಮಿಟರ್ ಹಾಕಬೇಡಿ. ಸ್ಪಾಟಿಫೈ ಹೇಗೂ ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಲೆಕ್ಕ) ಮಟ್ಟಕ್ಕೆ ತಂದೇ ನುಡಿಸುತ್ತದೆ. ಕಲ್ಲು ಬೀಸುವಾಗ ಫ್ಯಾನ್ ಆಫ್ ಮಾಡಿ. ಬೀಸುವವರ ಕೈಯಲ್ಲಿ ಬಳೆ ಇದ್ದರೆ ತೆಗೆಸಬೇಡಿ, ಆ ಸದ್ದು ನನಗೆ ಬೇಕು.